ಕುದಿಸಿದರೂ ಹೋಗದ ವಿಷ

ಮೊನ್ನೆ ಮೊಮ್ಮಗಳನ್ನು ಕರೆದುಕೊಂಡು ನಮ್ಮ ಸುರೇಬಾನದ ಹತ್ತಿರದ ಶಬರಿಕೊಳ್ಳಕ್ಕೆ ಹೋಗಿದ್ದೆ. ಅಲ್ಲಿ ನೀರು ಕಂಡವಳೇ ಕೇಳಿದಳು: “ಅಜ್ಜಾ, ನೀರು ತಿಳಿ ಇದ್ರ ಕುಡಿಯಾಕ ಅಡ್ಡಿ ಇಲ್ಲ, ಹೌದಿಲ್ಲೊ?”

“ಎಲ್ಲಾ ಕಡೆ ಹಂಗಲ್ಲವ್ವಾ” ಎಂದು ಕಿರದಳ್ಳಿ ತಾಂಡಾದ ಕಥೆ ಹೇಳಿದೆ.

ನಮ್ಮ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಕೃಷ್ಣೆಯ ಜೊತೆ ಇನ್ನೂ ಮುಂದೆ ಹೋದರೆ ಯಾದಗಿರಿ ಜಿಲ್ಲೆ. ಅಲ್ಲಿದೆ ಈ ತಾಂಡಾ. ಆ ಭಾಗದ ನೆಲದಲ್ಲಿ ಚಿನ್ನದ ಅದಿರಿದೆ. ಅದರ ಜೊತೆಗೇ ಆರ್ಸೆನಿಕ್ ಬೆರೆತ ಕಲ್ಲೂ ಇದೆ. ಹಿರಿಯರು ಪಾಷಾಣ ಎನ್ನುತ್ತಿದ್ದರಲ್ಲ, ಅದು ಇದರದೇ ರೂಪ. ಅದು ಕೊಳವೆಬಾವಿಯ ನೀರಿಗೆ ಇಳಿಯಿತು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ವರ್ಷಗಟ್ಟಲೆ ಕುಡಿದವರ ಅಂಗೈ, ಅಂಗಾಲು ಗಂಟುಗಂಟಾದವು.

“ಕುದಿಸಿ ಕುಡಿಬೇಕಿತ್ತು!” ಎಂದಳು.

ಮಕ್ಕಳೇ, ಕುದಿಸಿದರೆ ರೋಗಾಣು ಸಾಯುತ್ತದೆ. ಆರ್ಸೆನಿಕ್ ಜೀವಿಯಲ್ಲ. ನೀರು ಆವಿಯಾಗುತ್ತದೆ, ವಿಷ ಪಾತ್ರೆಯಲ್ಲೇ ಉಳಿಯುತ್ತದೆ. ಸಕ್ಕರೆಯಂತೆ ಕರಗಿರುವುದರಿಂದ ಬಟ್ಟೆಯಲ್ಲಿ ಸೋಸಿದರೂ ಸಿಗದು. ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂಬುದು ನಿಯಮ. ಅಂದರೆ 1 ಲಕ್ಷ ಲೀಟರ್ ನೀರಿಗೆ ಬರೇ 1 ಗ್ರಾಂ!

ಹಾಗಾದರೆ ತೆಗೆಯುವುದು ಹೇಗೆ? ಮರಳಿ ಬರುವಾಗ ಹೊಲದ ಬದುವಿನಲ್ಲಿ ನಡೆದೆವು. ನನ್ನ ಧೋತರದ ತುಂಬ ಉತ್ತರಾಣಿ ಕಾಳು ಅಂಟಿದ್ದವು. “ನೋಡು, ಹಿಂಗ!” ಎಂದೆ.

ಕಬ್ಬಿಣದ ತುಕ್ಕಿನಂಥ ಖನಿಜಗಳ ಮೈಗೆ ಆರ್ಸೆನಿಕ್ ಹೀಗೇ ಅಂಟುತ್ತದೆ. ಇದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಕಾಳು ಸಣ್ಣದಾದಷ್ಟೂ ಅಂಟಲು ಜಾಗ ಹೆಚ್ಚು. ಮದ್ರಾಸ್ ಐಐಟಿಯ ಪ್ರೊ. ಟಿ. ಪ್ರದೀಪ್ ಅವರ ತಂಡ ಕಬ್ಬಿಣದ ಇಂಥ ಅತಿ ಸೂಕ್ಷ್ಮ ಕಣಗಳಿಂದಲೇ ಸೋಸುಕ ತಯಾರಿಸಿದೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಅಲ್ಯುಮಿನಾ ಕಾಳು ತುಂಬಿದ ಸೋಸುಕಗಳನ್ನು ಕೈಪಂಪುಗಳಿಗೇ ಜೋಡಿಸಿದ್ದಾರೆ.

“ಧೋತರ ತುಂಬಿದ ಮ್ಯಾಲ ಕಾಳು ಎಲ್ಲಿ ಅಂಟತಾವ?” ಎಂದಳು ಮೊಮ್ಮಗಳು.

ಜಾಣ ಪ್ರಶ್ನೆ! ಸೋಸುಕವೂ ಒಂದು ದಿನ ತುಂಬುತ್ತದೆ. ಆಮೇಲೆ ವಿಷ ಸುಮ್ಮನೆ ದಾಟಿಹೋಗುತ್ತದೆ, ನೀರು ಮಾತ್ರ ಅಷ್ಟೇ ತಿಳಿ. ಅದಕ್ಕೇ ಯಂತ್ರ ಕೂಡಿಸಿದರಷ್ಟೇ ಸಾಲದು. ನೀರನ್ನು ಆಗಾಗ ಪರೀಕ್ಷಿಸಬೇಕು, ಒಳಗಿನ ಖನಿಜ ಬದಲಿಸಬೇಕು. ನಿಮ್ಮೂರಿನ ನೀರಿನ ಪರೀಕ್ಷೆ ಯಾವಾಗ ಆಯಿತೆಂದು ಅಜ್ಜ-ಅಜ್ಜಿಯ ಜೊತೆ ಹೋಗಿ ಪಂಚಾಯಿತಿಯಲ್ಲಿ ಕೇಳಿ.

ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು ಕಾಳು ಕಿತ್ತೆ. ಹಿತ್ತಲಿಗೆ ಎಸೆಯಹೋದಾಗ ಅವಳೇ ಕೈ ಹಿಡಿದಳು: “ಅಲ್ಲಿ ಚೆಲ್ಲಬ್ಯಾಡಜ್ಜಾ, ಮತ್ತ ಹುಟ್ಟತಾವು!”

ತುಂಬಿದ ಸೋಸುಕದ ಖನಿಜವನ್ನೂ ಹಾಗೇ ತಿಪ್ಪೆಗೆ ಚೆಲ್ಲಬಾರದು. ನಾನು ಹೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು.