ಕೈಫೋನಿಗೆ ಬೇರೆ ವಿಳಾಸ ಬೇಕೆ?

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಳ್ಳಿಗಳಲ್ಲಿ ಮನೆಗಳಿಗೆ ಸಂಖ್ಯೆಗಿಂತ ಹೆಸರೇ ಮುಖ್ಯವಾದುದು. ಒಂದೊಂದು ತೋಟಕ್ಕೆ ಒಂದೊಂದು ಮನೆಯಂತೆ ಗುಡ್ಡದ ತಪ್ಪಲುಗಳಲ್ಲಿ ಅವು ಚದರಿಕೊಂಡಿರುವುದರಿಂದ, ಬೀದಿಯ ಹೆಸರು ಹೇಳಿ ಮನೆಯನ್ನು ಗುರುತಿಸುವ ಪದ್ಧತಿ ಅಲ್ಲಿ ಬೆಳೆಯಲಿಲ್ಲ. ಮನೆಯ ಹೆಸರು, ಗ್ರಾಮ, ಅಂಚೆ, ತಾಲೂಕು ಇಷ್ಟನ್ನು ಬರೆದರೆ ಕಾಗದವು ಮನೆಗೆ ಮುಟ್ಟುವುದು. ಅದನ್ನು ತರುವವನು ಬಸ್ಸಿನಿಂದಿಳಿದು ಸಂಕವನ್ನು ದಾಟಿ ಕಾಲುದಾರಿಯಲ್ಲಿ ಬರುವನೋ, ಬೈಕನ್ನೇರಿ ಮಣ್ಣಿನ ರಸ್ತೆಯಲ್ಲಿ ಬರುವನೋ ಎಂಬುದನ್ನು ವಿಳಾಸದಲ್ಲಿ ಯಾರೂ ಬರೆಯುವುದಿಲ್ಲ. ನಡೆದು ಬರುವವರಿಗೆ ಒಂದು ಹೆಸರು, ಜೀಪಿನಲ್ಲಿ ಬರುವವರಿಗೆ ಇನ್ನೊಂದು ಹೆಸರು ಎಂದು ಗೃಹಸ್ಥನೊಬ್ಬನು ತನ್ನ ಮನೆಗೆ ಎರಡು ಹೆಸರುಗಳನ್ನಿಟ್ಟರೆ ನೆರೆಕರೆಯವರು ನಗದೆ ಇರುವರೆ?

ಅಂತರ್ಜಾಲದಲ್ಲಿ ಸರಿಸುಮಾರು ಇಂಥದೇ ಒಂದು ಪ್ರಯೋಗ ನಡೆಯಿತು. ಅದನ್ನು ನಡೆಸಿದವರು ಸಾಮಾನ್ಯರಲ್ಲ. ನೋಕಿಯ, ಮೈಕ್ರೊಸಾಫ್ಟ್, ಗೂಗಲ್, ವೊಡಾಫೋನ್, ಎರಿಕ್ಸನ್, ಸ್ಯಾಮ್ಸಂಗ್ ಮೊದಲಾದ ಸಂಸ್ಥೆಗಳು ಅದರ ಬೆಂಬಲಕ್ಕಿದ್ದವು. ಜಾಲತಾಣಗಳ ಹೆಸರಿಗೆ ‘ಡಾಟ್ ಕಾಂ’, ‘ಡಾಟ್ ಇನ್’ ಎಂಬ ಬಾಲಗಳಿರುವುದನ್ನು ವಾಚಕರು ನೋಡಿಯೇ ಇದ್ದಾರೆ. ಕೈಫೋನಿನಲ್ಲಿ ನೋಡತಕ್ಕ ತಾಣಗಳಿಗೆ ಮೀಸಲಾಗಿ ‘ಡಾಟ್ ಮೋಬಿ’ ಎಂಬ ಹೊಸ ಬಾಲವೊಂದು ಬೇಕೆಂಬುದು ಇವರ ಬೇಡಿಕೆಯಾಗಿತ್ತು. ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯು 2005ರಲ್ಲಿ ಇದಕ್ಕೆ ಒಪ್ಪಿಗೆಯಿತ್ತಿತು. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಇದಕ್ಕಾಗಿಯೇ ಒಂದು ಕಂಪನಿ ಹುಟ್ಟಿತು. 2006ರ ಸೆಪ್ಟೆಂಬರಿನಲ್ಲಿ ಹೆಸರುಗಳ ಮಾರಾಟವು ಸರ್ವರಿಗೂ ತೆರೆಯಿತು. ಹೂವುಗಳೆಂಬ ಅರ್ಥದ ‘ಫ್ಲವರ್ಸ್ ಡಾಟ್ ಮೋಬಿ’ ಎಂಬ ಒಂದೇ ಒಂದು ಹೆಸರು ಅದೇ ವರ್ಷ ಹರಾಜಿನಲ್ಲಿ 2,00,000 ಡಾಲರುಗಳಿಗೆ ಹೋಯಿತೆಂದರೆ ಆಗಿನ ಉತ್ಸಾಹವನ್ನು ಊಹಿಸಬಹುದು.

ಈ ಯೋಜನೆಯ ಹಿಂದೆ ಒಂದು ನಿಜವಾದ ಕಷ್ಟವಿತ್ತೆಂಬುದನ್ನು ಮೊದಲು ಒಪ್ಪಬೇಕು. ಆ ಕಾಲದ ಕೈಫೋನಿನ ತೆರೆಯು ಅಂಚೆಚೀಟಿಗಿಂತ ಬಹಳ ದೊಡ್ಡದಾಗಿರಲಿಲ್ಲ. ಸಂಪರ್ಕವು ನಿಧಾನ, ಬಳಸಿದ ಒಂದೊಂದು ಕಿಲೊಬೈಟಿಗೂ ಹಣ ತೆರಬೇಕು. ಮೇಜಿನ ಗಣಕಕ್ಕಾಗಿ ರಚಿಸಿದ ಪುಟವನ್ನು ತೆರೆದರೆ ಅರ್ಧ ಬರುವಷ್ಟರಲ್ಲಿ ಸಂಪರ್ಕ ಕಡಿಯುತ್ತಿತ್ತು. ಬಂದ ಅರ್ಧದಲ್ಲಿಯೂ ಓದತಕ್ಕದ್ದು ಏನೂ ಇರುತ್ತಿರಲಿಲ್ಲ. ಹೀಗಿರುವಾಗ, ಒತ್ತುವುದಕ್ಕೆ ಮುಂಚೆಯೇ ‘ಈ ಪುಟ ಹಗುರವಾಗಿದೆ, ನಿನ್ನ ಫೋನಿಗೆ ಒಗ್ಗುತ್ತದೆ’ ಎಂಬ ಭರವಸೆ ಹೆಸರಿನಲ್ಲಿಯೇ ಸಿಕ್ಕಿದರೆ ಅದು ಉಪಕಾರವಲ್ಲವೆ? ಈ ಭರವಸೆಗಾಗಿ ಡಾಟ್ ಮೋಬಿಯವರು ನಿಯಮಗಳನ್ನೂ ಮಾಡಿದ್ದರು. ಪುಟವನ್ನು ಸಣ್ಣ ಫೋನುಗಳಿಗೆ ತಿಳಿಯುವ ಸರಳ ರಚನೆಯಲ್ಲಿ ಬರೆಯಬೇಕು, ತೆರೆಯನ್ನು ಹಲವು ಚೌಕಟ್ಟುಗಳಾಗಿ ಒಡೆಯಕೂಡದು, ಹೆಸರನ್ನು ಕರೆದರೆ ಉತ್ತರ ಬರಲೇಬೇಕು. ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಕೈಫೋನಿನ ಪುಟವೊಂದರ ತೂಕವು ಚಿತ್ರಗಳೂ ಸೇರಿ 20 ಕಿಲೊಬೈಟುಗಳನ್ನು ಮೀರಬಾರದೆಂದೂ, ತೆರೆಯ ಅಗಲವು 120 ಚುಕ್ಕೆಗಳಷ್ಟೇ ಎಂದು ಭಾವಿಸಿಕೊಳ್ಳಬೇಕೆಂದೂ ಇತ್ತು.

ಹಾಗಾದರೆ ತಪ್ಪಿದ್ದೆಲ್ಲಿ? ಅದನ್ನು ತಿಳಿಯಲು ಹೆಸರು ಎಂಬುದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ನೋಡೋಣ.

ಅಂಚೆಯವನು ವಿಳಾಸವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಾನೆ. 574 ಎಂಬ ಮೂರು ಅಂಕೆಗಳನ್ನು ಕಂಡೊಡನೆ ಚೀಲವು ಇತ್ತ ತಿರುಗುತ್ತದೆ. 574201 ಎಂದರೆ ಪುತ್ತೂರು, 574239 ಎಂದರೆ ಸುಳ್ಯ. ಮನೆಯ ಹೆಸರನ್ನು ಓದುವ ಪ್ರಸಂಗ ಬರುವುದು ಕಟ್ಟಕಡೆಗೆ. 1983ರಲ್ಲಿ ಪಾಲ್ ಮಾಕಾಪೆಟ್ರಿಸ್ ಎಂಬವರು ರೂಪಿಸಿದ ಜಾಲದ ಹೆಸರಿನ ವ್ಯವಸ್ಥೆಯೂ ಹೀಗೆಯೇ ಹಿಂದಿನಿಂದ ಮುಂದಕ್ಕೆ ನಡೆಯುವುದು. ‘ಇನ್’ ಎಂಬ ಬಾಲದ ಲೆಕ್ಕ ಯಾರಲ್ಲಿದೆ ಎಂದು ಮೊದಲು ಬುಡದ ಗಣಕವೊಂದನ್ನು ಕೇಳಬೇಕು. ಅದು ತೋರಿಸಿದವರನ್ನು ಮುಂದಿನ ಹೆಸರಿಗಾಗಿ ಕೇಳಬೇಕು. ಕೊನೆಗೆ ಒಂದು ಸಂಖ್ಯೆ ದೊರೆಯುವುದು. ಆ ಸಂಖ್ಯೆಯೇ ತಾಣವಿರುವ ಗಣಕದ ನಿಜವಾದ ನೆಲೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹೆಸರನ್ನು ಕೇಳುವಾಗ, ಕೇಳುತ್ತಿರುವುದು ಕೈಫೋನೋ ಮೇಜಿನ ಗಣಕವೋ ಎಂಬ ಸಮಾಚಾರವು ಆ ಪ್ರಶ್ನೆಯಲ್ಲಿ ಇರುವುದೇ ಇಲ್ಲ. ಅದು ತಿಳಿಯುವುದು ಅನಂತರ, ಸಂಖ್ಯೆಯನ್ನು ಹಿಡಿದು ಬಾಗಿಲಿಗೆ ಹೋಗಿ ತಟ್ಟಿದಾಗ. ಪುಟವನ್ನು ಬೇಡುವ ಪ್ರತಿಯೊಂದು ಕೋರಿಕೆಯ ತಲೆಯಲ್ಲಿಯೂ ನೋಡುಕವು ‘ನಾನು ಇಂಥ ನೋಡುಕ, ಇಂಥ ಯಂತ್ರದಲ್ಲಿದ್ದೇನೆ’ ಎಂದು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುವುದು. ಬಂದವರು ಯಾರೆಂದು ನೋಡಿ ಮಣೆಯನ್ನೋ ಕುರ್ಚಿಯನ್ನೋ ಕೊಡುವ ಕೆಲಸ ಮನೆಯೊಳಗಿನವರದು. ಡಾಟ್ ಮೋಬಿಯವರು ಬಾಗಿಲಲ್ಲಿ ತಾನಾಗಿ ತಿಳಿಯುವ ಸಂಗತಿಯನ್ನು ಅಂಚೆಯ ಲಕೋಟೆಯ ಮೇಲೆ ಬರೆಸಲು ಹೊರಟರು.

ಜಾಗತಿಕ ಜಾಲವನ್ನು ಕಲ್ಪಿಸಿದ ಟಿಮ್ ಬರ್ನರ್ಸ್-ಲೀ ಅವರು 2004ರಲ್ಲಿಯೇ, ಯೋಜನೆಯು ಇನ್ನೂ ಬೇಡಿಕೆಯ ಹಂತದಲ್ಲಿದ್ದಾಗ, ಇದು ಹಾನಿಕರವೆಂದು ಬರೆದಿದ್ದರು. ಒಂದು ವಿಷಯಕ್ಕೆ ಒಂದೇ ವಿಳಾಸವಿರಬೇಕು, ಅದನ್ನು ಯಾವ ಯಂತ್ರದಿಂದ ನೋಡಿದರೂ ಆ ಯಂತ್ರಕ್ಕೆ ತಕ್ಕಂತೆ ಕಾಣಬೇಕು ಎಂಬುದು ಅವರ ವಾದದ ತಿರುಳು. ಇದನ್ನು ನಮ್ಮ ಕಡೆಗೆ ಅನ್ವಯಿಸಿ ನೋಡಿರಿ. ಅಡಿಕೆಯ ಧಾರಣೆಯನ್ನು ತಿಳಿಸುವ ತಾಣವೊಂದಿದೆಯೆಂದು ಭಾವಿಸೋಣ. ಕಡಬದ ಕೃಷಿಕನೊಬ್ಬನು ಅದರ ಮೋಬಿ ವಿಳಾಸವನ್ನು ಪುತ್ತೂರಿನ ವ್ಯಾಪಾರಿಗೆ ಕಳುಹಿಸುತ್ತಾನೆ. ವ್ಯಾಪಾರಿಯು ಅಂಗಡಿಯ ಗಣಕದಲ್ಲಿ ತೆರೆದರೆ ದೊಡ್ಡ ತೆರೆಯ ಮೂಲೆಯಲ್ಲಿ ಸಣ್ಣ ಫೋನಿನ ಪುಟ! ಆತನು ಕಾಂ ವಿಳಾಸವನ್ನು ಮರಳಿ ಕಳುಹಿಸಿದರೆ ಕೃಷಿಕನ ಫೋನು ಏದುಸಿರು ಬಿಡುವುದು. ಎರಡು ಪುಟಗಳಲ್ಲಿ ಒಂದನ್ನು ತಿದ್ದಿ ಇನ್ನೊಂದನ್ನು ಮರೆತಿದ್ದರಂತೂ ಇಬ್ಬರ ಕೈಯಲ್ಲಿಯೂ ಬೇರೆ ಬೇರೆ ಧಾರಣೆ. ಇದರ ಮೇಲೆ ಎರಡು ಹೆಸರುಗಳಿಗೆ ವರ್ಷವರ್ಷವೂ ಎರಡು ಬಾಡಿಗೆ. ತಾನು ಕೊಳ್ಳದಿದ್ದರೆ ಇನ್ನಾರೋ ಕೊಂಡಾರೆಂಬ ಭಯದಿಂದಲೇ ಅನೇಕರು ಕೊಂಡರೆಂದು ನನ್ನ ಅಭಿಪ್ರಾಯ.

ಕನ್ನಡದವರಿಗಂತೂ ತೊಡಕಿನ ಮೂಲವು ಹೆಸರಿನಲ್ಲಿ ಇರಲೇ ಇಲ್ಲ. ಗಣಕಗಳು ಅಕ್ಷರಗಳನ್ನು ಸಾಗಿಸುವ ಯುಟಿಎಫ್-8 ಎಂಬ ಕ್ರಮದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು; ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಅಕ್ಷರಕ್ಕೆ ಹಚ್ಚುವ ಕೊಂಬು, ಒತ್ತಕ್ಷರವನ್ನು ಹುಟ್ಟಿಸುವ ವಿರಾಮಚಿಹ್ನೆ ಇವೆಲ್ಲ ಪ್ರತ್ಯೇಕ ಸಂಕೇತಗಳೇ. ‘ಕಡಬ’ ಎಂಬುದರಲ್ಲಿ ಮೂರು ಸಂಕೇತಗಳು, ಅಂದರೆ 9 ಬೈಟು. ‘ಸುಳ್ಯ’ದಲ್ಲಿ ಐದು, 15 ಬೈಟು. ‘ಪುತ್ತೂರು’ ಎಂಬುದರಲ್ಲಿ ಎಂಟು, 24 ಬೈಟು. ಇದೇ ಊರನ್ನು ಇಂಗ್ಲಿಷಿನಲ್ಲಿ ಬರೆದರೆ 6. ಆದುದರಿಂದ 20 ಕಿಲೊಬೈಟಿನ ಮಿತಿಯೊಳಗೆ ಕನ್ನಡದ ಹೆಚ್ಚೆಂದರೆ 6,800 ಸಂಕೇತಗಳು ಹಿಡಿಸಿಯಾವು. ವಾಚಕರು ಓದುತ್ತಿರುವ ಈ ಲೇಖನವು ಚಿತ್ರವೊಂದೂ ಇಲ್ಲದೆಯೇ ಆ ಮಿತಿಯನ್ನು ದಾಟುವುದು. ಕಳುಹಿಸುವಾಗ ಒತ್ತಿ ಕಿರಿದುಮಾಡುವ ಉಪಾಯವುಂಟು, ಅದು ಬಹಳ ಮಟ್ಟಿಗೆ ಸಹಾಯಕವೂ ಹೌದು. ಆದರೆ ಆ ದಿನಗಳ ಎಷ್ಟೋ ಫೋನುಗಳಲ್ಲಿ ಕನ್ನಡದ ಲಿಪಿಯೇ ಇರಲಿಲ್ಲ. ನನ್ನದೊಂದು ಹಳೆಯ ಫೋನಿನಲ್ಲಿ ಕನ್ನಡದ ಸುದ್ದಿ ತೆರೆದಾಗ ಸಾಲುಸಾಲು ಚೌಕಗಳು ಕಂಡುವು. ಸುದ್ದಿಯು ಒಳ್ಳೆಯದೋ ಕೆಟ್ಟದ್ದೋ ಎಂದು ಚೌಕಗಳನ್ನು ನೋಡಿ ಹೇಳುವಂತಿರಲಿಲ್ಲ. ಇದಕ್ಕೆ ಅಂಜಿ ಕೆಲವರು ಬರಹವನ್ನು ಚಿತ್ರವಾಗಿ ಮಾಡಿ ಕಳುಹಿಸಿದರು. ಪುಟದ ತೂಕ ಮತ್ತಷ್ಟು ಹೆಚ್ಚಿತು. ಲಿಪಿಯಿಲ್ಲದ ಫೋನಿಗೆ ಯಾವ ಬಾಲದ ಹೆಸರು ಕೊಟ್ಟರೇನು?

ಕಷ್ಟವು ಕೊನೆಗೆ ಪರಿಹಾರವಾದದ್ದು ಬೇರೆಯೇ ದಾರಿಯಲ್ಲಿ. 2007ರಲ್ಲಿ ಐಫೋನು ಬಂದಿತು. ಅದರ ನೋಡುಕವು ಮೇಜಿನ ಗಣಕದ ಪುಟವನ್ನೇ ತೆರೆದು ತೋರಿಸಬಲ್ಲುದಾಗಿತ್ತು. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕರು ಒಂದು ಲೇಖನದಲ್ಲಿ, ಪುಟವನ್ನು ಒಂದೇ ಸಲ ಬರೆದು ತೆರೆಯ ಅಗಲವನ್ನು ಅಳೆದು ಅದಕ್ಕನುಗುಣವಾಗಿ ಪುಟವೇ ಹೊಂದಿಕೊಳ್ಳುವ ವಿಧಾನವನ್ನು ವಿವರಿಸಿದರು. ಅಗಲವಾದ ತೆರೆಯಲ್ಲಿ ಮೂರು ಕಂಬಸಾಲುಗಳಾಗಿ ನಿಲ್ಲುವ ಬರಹವು ಕಿರಿದಾದ ತೆರೆಯಲ್ಲಿ ಒಂದರ ಕೆಳಗೊಂದಾಗಿ ಇಳಿಯುತ್ತದೆ. ಪಾತ್ರೆಯನ್ನು ನೋಡಿ ನೀರು ಆಕಾರ ತಾಳುವಂತೆ ಎನ್ನಬಹುದು. 2015ರ ಏಪ್ರಿಲ್ 21ರಿಂದ ಗೂಗಲ್ ಸಂಸ್ಥೆಯು ಕೈಫೋನಿನ ಹುಡುಕಾಟದಲ್ಲಿ ಫೋನಿಗೆ ಒಗ್ಗುವ ಪುಟಗಳಿಗೆ ಮೇಲಿನ ಸ್ಥಾನವನ್ನು ಕೊಡತೊಡಗಿತು. ಅದು ನೋಡಿದ್ದು ಪುಟದ ನಡತೆಯನ್ನು, ಬಾಲವನ್ನಲ್ಲ. ಡಾಟ್ ಮೋಬಿಯ ಬೆಂಬಲಿಗರಲ್ಲಿ ಅದೇ ಸಂಸ್ಥೆಯೂ ಒಂದಾಗಿತ್ತೆಂಬುದು ತಮಾಷೆಯ ಸಂಗತಿ.

ಬಾಲವನ್ನು ಬಿಟ್ಟು ಹೆಸರಿನ ನಡುವೆ ‘ಎಂ’ ಎಂಬ ಒಂದಕ್ಷರವನ್ನು ಸೇರಿಸಿಕೊಂಡವರೂ ಇದ್ದರು. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯಕ್ಕೂ, ಪುತ್ತೂರು ಸುಳ್ಯಗಳ ಮನೆಮಾತುಗಳಲ್ಲಿ ಒಂದಾದ ತುಳುವಿಗೆ 2016ರಲ್ಲಿ ದೊರೆತ ವಿಕಿಪೀಡಿಯಕ್ಕೂ ಕೈಫೋನಿಗಾಗಿ ಇಂಥ ‘ಎಂ’ ವಿಳಾಸವಿತ್ತು. ಗಣಕದ ಮುಂದೆ ಕುಳಿತವನು ಸ್ನೇಹಿತನು ಕಳುಹಿಸಿದ ಕೊಂಡಿಯನ್ನು ಒತ್ತಿದಾಗ ಹಿಗ್ಗಿದ ಫೋನಿನ ಪುಟ ಕಾಣಿಸಿಕೊಳ್ಳುತ್ತಿದ್ದುದು ಇದರಿಂದಲೇ. ಫೋನಿನವನು ಮೂಲ ವಿಳಾಸಕ್ಕೆ ಬಂದರೆ ಅವನನ್ನು ‘ಎಂ’ ಬಾಗಿಲಿಗೆ ಕಳುಹಿಸಬೇಕಾಗಿದ್ದುದರಿಂದ ಒಂದು ಹೋಗಿಬರುವ ಪ್ರಯಾಣವೂ ದಂಡವಾಗುತ್ತಿತ್ತು. 2025ರಲ್ಲಿ ವಿಕಿಮೀಡಿಯದವರು ಎರಡು ವಿಳಾಸಗಳನ್ನೂ ಒಂದುಗೂಡಿಸಿ ಈ ಅಲೆದಾಟವನ್ನು ನಿಲ್ಲಿಸಿದರು. ಸಂಪರ್ಕವು ದುರ್ಬಲವಾಗಿರುವ ಕಡೆ ಒಂದು ಸುತ್ತು ಉಳಿದರೂ ಲಾಭವೇ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಹಳ್ಳಿಯೊಂದರ ರಸ್ತೆಬದಿಯಲ್ಲಿ ಕುಳಿತು ಫೋನಿನಲ್ಲಿ ಪಾಠ ಕೇಳುತ್ತಿದ್ದ ವಿದ್ಯಾರ್ಥಿನಿಗೆ ತಂದೆಯು ಕೊಡೆ ಹಿಡಿದು ನಿಂತಿದ್ದ ಛಾಯಾಚಿತ್ರವನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅಂಥ ಸ್ಥಳದಲ್ಲಿ ಬೇಕಾದುದು ಗೋಪುರದ ಸಂಕೇತ, ಹಗುರವಾದ ಪುಟ. ಮೂರನೆಯದಾದ ಹೆಸರಿನ ಸರದಿ ಬರುವುದೇ ಇಲ್ಲ.

ಬಾಲದ ವಿಷಯದಲ್ಲಿ ಇನ್ನೊಂದು ಅಪಾಯವುಂಟು. ಕಡಬವು ಪುತ್ತೂರು ತಾಲೂಕಿನಿಂದ ಬೇರ್ಪಟ್ಟು ತಾನೇ ತಾಲೂಕಾದಾಗ, ಸುಳ್ಯ ತಾಲೂಕಿನಲ್ಲಿದ್ದ ಸುಬ್ರಹ್ಮಣ್ಯವೂ ಅದಕ್ಕೆ ಸೇರಿತು. ಮನೆಗಳು ಇದ್ದಲ್ಲಿಯೇ ಇದ್ದವು. ವಿಳಾಸದ ಕೊನೆ ಮಾತ್ರ ಬದಲಾಯಿತು. ಹಳೆಯ ದಾಖಲೆಗಳಲ್ಲಿ ಹಳೆಯ ತಾಲೂಕಿನ ಹೆಸರೇ ಉಳಿದಿದೆ. ಸುಬ್ರಹ್ಮಣ್ಯಕ್ಕೆ ಸ್ಥಿರ ದೂರವಾಣಿಯಲ್ಲಿ ಕರೆಮಾಡುವವರು ಈಗಲೂ 08257 ಎಂಬ ಸುಳ್ಯದ ಸಂಖ್ಯೆಯನ್ನೇ ಒತ್ತಬೇಕು. ಹೀಗೆ ಹಳೆಯ ಹೆಸರುಗಳನ್ನು ಹಿಡಿದು ಬರುವವರು ಬಹುಕಾಲ ಇರುತ್ತಾರೆ. ಊರಿನಲ್ಲಾದರೆ ಅಂಥವರಿಗೆ ದಾರಿ ತೋರಿಸಲು ಪರಿಚಿತರಿರುವರು. ಜಾಲದಲ್ಲಿ?

2024ರಲ್ಲಿ ಇದಕ್ಕೆ ಉತ್ತರ ದೊರೆಯಿತು. ಯಾವ ಮೋಬಿ ಹೆಸರು ಯಾರದೆಂಬ ಲೆಕ್ಕವನ್ನು ಕೇಳಿದವರಿಗೆ ತಿಳಿಸುವ ಗಣಕಕ್ಕೆ ಮೊದಲು ಒಂದು ವಿಳಾಸವಿತ್ತು. ಅನಂತರ ಆ ಕೆಲಸ ಬೇರೆ ವಿಳಾಸಕ್ಕೆ ಹೋಯಿತು. ಹಳೆಯ ವಿಳಾಸದ ಬಾಡಿಗೆಯನ್ನು ಯಾರೂ ಕಟ್ಟದೆ 2023ರ ಡಿಸೆಂಬರಿನಲ್ಲಿ ಅದರ ಅವಧಿ ಮುಗಿಯಿತು. ವಾಚ್‌ಟವರ್ ಎಂಬ ಸುರಕ್ಷಾ ಸಂಸ್ಥೆಯ ಸಂಶೋಧಕರು 20 ಡಾಲರು ಕೊಟ್ಟು ಅದನ್ನು ಕೊಂಡು, ಅಲ್ಲಿ ಒಂದು ಗಣಕವನ್ನಿಟ್ಟು ಕಾದು ಕುಳಿತರು. ಕೆಲವೇ ದಿನಗಳಲ್ಲಿ 1,35,000ಕ್ಕೂ ಹೆಚ್ಚು ಯಂತ್ರಗಳು 25 ಲಕ್ಷ ಪ್ರಶ್ನೆಗಳನ್ನು ಹೊತ್ತು ಆ ಹಳೆಯ ಬಾಗಿಲಿಗೆ ಬಂದುವು. ಅವುಗಳಲ್ಲಿ ಜಾಲತಾಣಗಳಿಗೆ ಗುರುತಿನ ಪ್ರಮಾಣಪತ್ರ ಕೊಡುವ ಸಂಸ್ಥೆಗಳವೂ ಇದ್ದುವು! ತಾಣದ ಒಡೆಯನ ಮಿಂಚಂಚೆ ಯಾವುದೆಂದು ಅವು ಈ ಹೊಸ ಬಾಡಿಗೆದಾರರನ್ನು ಕೇಳುತ್ತಿದ್ದುವು. ಇವರು ಏನು ಹೇಳಿದರೆ ಅದೇ ಸತ್ಯ. ಮೈಕ್ರೊಸಾಫ್ಟಿನ ಮೋಬಿ ಹೆಸರಿಗೆ ತಮ್ಮ ಸ್ವಂತ ಮಿಂಚಂಚೆಯನ್ನು ಒಪ್ಪಿಸುವುದು ಸಾಧ್ಯವೆಂಬುದನ್ನು ಕಂಡುಕೊಂಡು, ಸಂಶೋಧಕರು ಅಲ್ಲಿಗೇ ನಿಲ್ಲಿಸಿ ಸಂಬಂಧಪಟ್ಟವರಿಗೆ ತಿಳಿಸಿದರು. ಅವರ ಸ್ಥಾನದಲ್ಲಿ ವಂಚಕರಿದ್ದಿದ್ದರೆ ನಿಲ್ಲುವ ಕಾರಣವಿರಲಿಲ್ಲ. ಕೆಲವು ತಿಂಗಳುಗಳೊಳಗೆ ಪ್ರಮಾಣಪತ್ರದ ಸಂಸ್ಥೆಗಳೂ ನೋಡುಕಗಳ ತಯಾರಕರೂ ಕೂಡಿ, ಒಡೆತನವನ್ನು ಈ ಬಗೆಯಲ್ಲಿ ಪರೀಕ್ಷಿಸುವ ಕ್ರಮವನ್ನೇ ಕೈಬಿಡುವ ನಿರ್ಧಾರಕ್ಕೆ ಬಂದರು.

ಡಾಟ್ ಮೋಬಿಯ ಕಂಪನಿಯನ್ನು 2010ರಲ್ಲಿಯೇ ಅಫಿಲಿಯಾಸ್ ಎಂಬ ಇನ್ನೊಂದು ಸಂಸ್ಥೆ ಕೊಂಡುಕೊಂಡಿತ್ತು. ಬಾಲವು ಈಗಲೂ ಮಾರಾಟಕ್ಕಿದೆ. ಕಾಲೇಜಿನ ಸಂಘಕ್ಕೋ ಊರಿನ ಗ್ರಂಥಾಲಯಕ್ಕೋ ತಾಣವನ್ನು ರಚಿಸಲು ಹೊರಟ ವಿದ್ಯಾರ್ಥಿಗಳು ಅದಕ್ಕೆ ಕೊಡುವ ಹಣವನ್ನು ಉಳಿಸಿಕೊಂಡು, ಇರುವ ಒಂದೇ ಹೆಸರಿನ ಬಾಡಿಗೆಯನ್ನು ತಪ್ಪದೆ ಕಟ್ಟುವುದು ಮೇಲು. ಅನಂತರ ತಮ್ಮ ಪುಟವನ್ನು ಪುತ್ತೂರಿನ ಪೇಟೆಯಲ್ಲಿ ಒಮ್ಮೆ ತೆರೆದು, ಅದೇ ಫೋನನ್ನು ಸುಬ್ರಹ್ಮಣ್ಯದ ಕಡೆಯ ಘಟ್ಟದ ತಪ್ಪಲಿಗೆ ಒಯ್ದು ಇನ್ನೊಮ್ಮೆ ತೆರೆದು, ಎರಡು ಸಲವೂ ಎಷ್ಟೆಷ್ಟು ಸೆಕೆಂಡುಗಳು ಹಿಡಿದುವೆಂದು ಬರೆದಿಟ್ಟುಕೊಳ್ಳಲಿ.