ಸ್ಲ್ಯಾಬ್ ಹಾಕೋ ಮೊದಲೇ ಎರಡು ಪೈಪ್ ಬಿಡಿಸ್ರಿ: ತಲೆ ಮೇಲಿನ ಸ್ಪೀಕರ್ ಬೇಕು ಅನ್ನೋರಿಗೆ ಒಂದಿಷ್ಟು ಮಾಹಿತಿ

ಹಾವೇರಿ: ಬ್ಯಾಡಗಿ ಕಡೆ ಇರುವ ನಮ್ಮ ಸಂಬಂಧಿಕರೊಬ್ಬರು ಮೆಣಸಿನಕಾಯಿ ಮಾರಿದ ರೊಕ್ಕದಾಗ ಹೊಸ ಮನಿ ಕಟ್ಟಿಸಿದರು. ಗೃಹಪ್ರವೇಶ ಮುಗೀತು, ಬಣ್ಣಾನೂ ಆತು. ಆಮೇಲೆ ಮಗನಿಗೆ ಹಾಲ್‌ನಲ್ಲಿ ‘ಡಾಲ್ಬಿ ಆಟ್ಮಾಸ್’ ಬೇಕು ಅನಿಸಿತು. ಡ್ರಿಲ್ ಮಷೀನ್ ತಂದು ಸ್ಲ್ಯಾಬಿಗೆ ತೂತು ಹೊಡೆಯುವಾಗ ಬಿಟ್ ಹೋಗಿ ಒಳಗಿದ್ದ ಲೈಟಿನ ಪೈಪಿಗೇ ಬಡಿಯಿತು. ಫಟ್ ಅಂತ ಸದ್ದು, ಮನಿಯೆಲ್ಲಾ ಕತ್ತಲು. ಬ್ರೇಕರ್ ಬಿದ್ದಿದ್ದಕ್ಕೆ ಹುಡುಗ ಉಳಿದ. ವೈರ್ ಸರಿಮಾಡಲು ಮತ್ತೆ ಪ್ಲಾಸ್ಟರ್ ಒಡೆದು, ಮತ್ತೆ ಬಣ್ಣ ಹಚ್ಚಿಸಬೇಕಾಯಿತು.

ಹಾವೇರಿ, ರಾಣೆಬೆನ್ನೂರಿನ ಹೊಸ ಲೇಔಟ್‌ಗಳಲ್ಲಿ ಮನಿ ಕಟ್ಟಿಸುವವರು ಈಗ ದೊಡ್ಡ ಟಿವಿ, ಅದರ ಜೊತೆ ಒಂದು ಸೌಂಡ್ ಸಿಸ್ಟಂ ಅಂತ ಲೆಕ್ಕ ಹಾಕಿಯೇ ಇರುತ್ತಾರೆ. ಆದರೆ ಅದರ ವೈರ್ ಎಲ್ಲಿಂದ ಹೋಗಬೇಕು ಅನ್ನೋದು ನೆನಪಾಗೋದು ಕೊನೆಗೆ. ಅದಕ್ಕೇ ಈ ಬರಹ.

ಮೊದಲು ‘ಡಾಲ್ಬಿ’ ಅನ್ನೋ ಪದ. ನಮ್ಮ ಉತ್ತರ ಕರ್ನಾಟಕದಾಗ ಡಾಲ್ಬಿ ಅಂದ್ರೆ ಗಣಪತಿ ಮೆರವಣಿಗೆಯ ಟ್ರ್ಯಾಕ್ಟರ್ ಮೇಲೆ ಎದಿ ನಡುಗಿಸುವ ಡಿಜೆ ಬಾಕ್ಸ್. ಅಸಲಿಗೆ ಅದು ಒಬ್ಬ ಎಂಜಿನಿಯರ್ ಹೆಸರು. ರೇ ಡಾಲ್ಬಿ ಅನ್ನೋರು 1965ರಲ್ಲಿ ಕಂಪನಿ ಶುರುಮಾಡಿ ಹೆಸರು ಮಾಡಿದ್ದು ಟೇಪಿನ ‘ಸುಂಯ್’ ಅನ್ನೋ ಗದ್ದಲ ಕಡಿಮೆ ಮಾಡುವ ತಂತ್ರದಿಂದ. ಗದ್ದಲ ಕಡಿಮೆ ಮಾಡಿದವನ ಹೆಸರನ್ನು ನಾವು ಗದ್ದಲಕ್ಕೇ ಇಟ್ಟುಕೊಂಡಿದ್ದೇವೆ, ಇರಲಿ.

ಅದೇ ಕಂಪನಿಯ ಆಟ್ಮಾಸ್ ಥಿಯೇಟರ್‌ಗೆ ಬಂದಿದ್ದು 2012ರಲ್ಲಿ, ‘ಬ್ರೇವ್’ ಅನ್ನೋ ಕಾರ್ಟೂನ್ ಸಿನಿಮಾದೊಂದಿಗೆ. ಮನಿಗೆ ಬಂದಿದ್ದು 2014ರಲ್ಲಿ. ಹಳೇ 5.1ರಲ್ಲಿ ಯಾವ ಬಾಕ್ಸಿಗೆ ಯಾವ ಸದ್ದು ಅಂತ ಮೊದಲೇ ಹಂಚಿರುತ್ತಾರೆ. ಆಟ್ಮಾಸ್‌ನಲ್ಲಿ ಹಾಗಲ್ಲ. ಹೆಲಿಕಾಪ್ಟರ್ ಸದ್ದಿನ ಜೊತೆ ‘ಇದು ಈಗ ಇಲ್ಲಿದೆ, ಇಷ್ಟು ಎತ್ತರದಲ್ಲಿದೆ’ ಅನ್ನೋ ಮಾಹಿತಿಯೂ ಬರುತ್ತದೆ. ನಿಮ್ಮ ಮನಿಯಲ್ಲಿ ಎಷ್ಟು ಸ್ಪೀಕರ್ ಇವೆ ಅಂತ ನೋಡಿಕೊಂಡು ರಿಸೀವರ್ ಅದನ್ನು ಹಂಚುತ್ತದೆ. ಮೇಲೆ ಸ್ಪೀಕರ್ ಇದ್ದರೆ ಸದ್ದು ಮೇಲಿನಿಂದಲೇ ಬರುತ್ತದೆ. ಪತ್ರಾಸ್ ಮನಿಯಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂಗಡಿಯಲ್ಲಿ ಬಾಕ್ಸ್ ಮೇಲಿನ ನಂಬರ್ ನೋಡ್ರಿ. 5.1.2 ಅಂದರೆ ಸುತ್ತ 5 ಸ್ಪೀಕರ್, 1 ಸಬ್‌ವೂಫರ್, ಎತ್ತರದ ಸದ್ದಿಗೆ 2. ಮೂರನೇ ಅಂಕಿ ಇಲ್ಲ ಅಂದರೆ ಆ ಸದ್ದಿಗೆ ಬೇರೆ ಸ್ಪೀಕರ್ ಇಲ್ಲ ಅಂತಲೇ ಅರ್ಥ. 2.1 ಸೌಂಡ್‌ಬಾರ್ ಮೇಲೂ ಆಟ್ಮಾಸ್ ಲೋಗೋ ಇರುತ್ತದೆ. ಅದು ಸುಳ್ಳೇನಲ್ಲ, ಆ ಸಿಗ್ನಲ್ ಅದಕ್ಕೆ ಓದಲು ಬರುತ್ತದೆ. ಆದರೆ ಎತ್ತರದ ಅನುಭವವನ್ನು ಮುಂದಿನ ಸ್ಪೀಕರ್‌ನಿಂದಲೇ ಹುಟ್ಟಿಸಲು ನೋಡುತ್ತದೆ. ಅಂಗಡಿಯವರೂ ಗಿರಾಕಿಗೆ ಇಷ್ಟನ್ನು ಬಾಯಿಬಿಟ್ಟು ಹೇಳಿಬಿಟ್ಟರೆ ಆಮೇಲೆ ಜಗಳ ಇರೋದಿಲ್ಲ.

ಈಗ ನಮ್ಮ ಕಡೆ ಹೆಚ್ಚಾಗಿ ನಡೆಯುವ ತಪ್ಪು. ಮನಿಯಲ್ಲಿ ಅಸೆಂಬಲ್ ಮಾಡಿಸಿದ 5.1 ಸೆಟ್ ಇರುತ್ತದೆ. ಹಿಂದಿನ ಸ್ಪೀಕರ್ ವೈರಿಗೇ ಇನ್ನೆರಡು ಬಾಕ್ಸ್ ಜೋಡಿಸಿ ಮೇಲೆ ತೂಗು ಹಾಕಿದರೆ ಆಯ್ತು ಅಂತಾರೆ. ಆಗೋದಿಲ್ಲ. ಹಿಂದೆ ಬರುವ ಸದ್ದೇ ಮೇಲೆಯೂ ಬರುತ್ತದೆ, ಅಷ್ಟೇ. ಆ ಆಂಪ್ಲಿಫೈಯರ್‌ಗೆ ಆಟ್ಮಾಸ್ ಬಿಡಿಸಿ ಓದಲು ಬರೋದಿಲ್ಲ. ಇನ್ನೊಂದು ಅಪಾಯವೂ ಇದೆ: 4 ಓಮ್‌ನ ಎರಡು ಬಾಕ್ಸ್‌ಗಳನ್ನು ಪ್ಯಾರಲಲ್ ಆಗಿ ಒಂದೇ ಔಟ್‌ಪುಟ್‌ಗೆ ಸೇರಿಸಿದರೆ ಲೋಡ್ 2 ಓಮ್‌ಗೆ ಇಳಿಯುತ್ತದೆ. ವಾಲ್ಯೂಮ್ ಏರಿಸಿದಾಗ ಐಸಿ ಕಾದು ಸುಟ್ಟುಹೋಗಬಹುದು. 5.1.2ಗೆ 7 ಚಾನೆಲ್‌ನ, ಆಟ್ಮಾಸ್ ಇರುವ ರಿಸೀವರ್ ಬೇಕು. ಮೇಲೆ ನಾಲ್ಕು ಸ್ಪೀಕರ್ ಬೇಕಾದರೆ 9 ಚಾನೆಲ್‌ನದು.

ಆದರೆ ನಾಲ್ಕು ಬೇಕಾ? ಲೆಕ್ಕ ಹಾಕೋಣ. ಹಾಲ್ ಎತ್ತರ 10 ಅಡಿ. ಸೋಫಾದಲ್ಲಿ ಕೂತಾಗ ಕಿವಿ ನೆಲದಿಂದ ಸುಮಾರು 3 ಅಡಿ ಮೇಲಿರುತ್ತದೆ. ಅಂದರೆ ಕಿವಿಯಿಂದ ಸ್ಲ್ಯಾಬಿಗೆ 7 ಅಡಿ. ನಾಲ್ಕು ಸ್ಪೀಕರ್ ಇಡುವುದಾದರೆ 45 ಡಿಗ್ರಿ ಕೋನ ಬರುವಂತೆ ಎರಡು ನಿಮ್ಮ ಮುಂದೆ 7 ಅಡಿ ದೂರದಲ್ಲಿ, ಇನ್ನೆರಡು ಹಿಂದೆ 7 ಅಡಿ ದೂರದಲ್ಲಿ ಬರಬೇಕು. ನಮ್ಮ ಮನಿಗಳಲ್ಲಿ ಸೋಫಾ ಗೋಡೆಗೆ ಹತ್ತಿಕೊಂಡೇ ಇರುತ್ತದೆ, ಹಿಂದೆ ಜಾಗ ಎಲ್ಲಿಂದ ತರೋದು? ಹಾಗಾಗಿ ನನ್ನ ಪ್ರಕಾರ ಎರಡು ಸಾಕು. ಅವು ಇಬ್ಬದಿ ಮುಂದಿನ ಸ್ಪೀಕರ್‌ಗಳ ನೇರಕ್ಕೆ, ಕೂತವರ ತಲೆಗಿಂತ ಸ್ವಲ್ಪ ಮುಂದಕ್ಕೆ ಬರಬೇಕು. ಒಂದರಿಂದ ಮೂರು ಅಡಿಯೊಳಗೆ ಇದ್ದರೆ ಸರಿ. ನಡುವೆ ಫ್ಯಾನ್ ಇದೆಯಲ್ಲ, ರೆಕ್ಕೆ ಸ್ಪೀಕರ್‌ಗೂ ಕಿವಿಗೂ ಅಡ್ಡ ಬರದ ಹಾಗೆ ಗುರುತು ಹಾಕಿಕೊಳ್ರಿ.

ಆ ಗುರುತು ಹಾಕಬೇಕಾದ್ದು ಸೆಂಟ್ರಿಂಗ್ ಮೇಲೆ. ಕಂಬಿ ಕಟ್ಟಿ ಮುಗಿದ ಮೇಲೆ, ಕಾಂಕ್ರೀಟ್ ಸುರಿಯೋಕೆ ಮುಂಚೆ ವೈರಿಂಗ್‌ನವರು ಬಂದು ಫ್ಯಾನ್ ಬಾಕ್ಸ್, ಪೈಪ್ ಬಿಡುತ್ತಾರೆ. ಆಗಲೇ ಎರಡು ಬಾಕ್ಸ್ ಹೆಚ್ಚಿಗೆ ಇಡಿಸಿ, ಟಿವಿ ಬರುವ ಗೋಡೆವರೆಗೆ ಪೈಪ್ ತರಿಸಬೇಕು. ಹಿಂದಿನ ಎರಡು ಸ್ಪೀಕರ್‌ಗೂ ಗೋಡೆಯಲ್ಲಿ ಹಾಗೇ. ಕರೆಂಟ್ ವೈರ್ ಇರುವ ಪೈಪಿನಲ್ಲೇ ಸ್ಪೀಕರ್ ವೈರ್ ತೂರಿಸಲು ಬಿಡಬ್ಯಾಡ್ರಿ. ಹಮ್ಮಿಂಗ್ ಸದ್ದು ಬರಬಹುದು, ಇನ್ಸುಲೇಷನ್ ಸವೆದರೆ ಸ್ಪೀಕರ್ ವೈರಿನಲ್ಲೇ ಕರೆಂಟ್ ಹರಿಯುವ ಅಪಾಯವೂ ಇದೆ. ವೈರ್ 1.5 ಸ್ಕ್ವೇರ್ ಎಂಎಂ ತಾಮ್ರದ್ದು ಸಾಕು. ಒಳಗೆ ಒಂದು ದಾರ ಬಿಟ್ಟಿದ್ದರೆ ವೈರ್ ಯಾವಾಗ ಬೇಕಾದರೂ ಎಳೆದುಕೊಳ್ಳಬಹುದು. ಆಮೇಲೆ ಒಡೆಸೋದಕ್ಕೆ ಹೋಲಿಸಿದರೆ ಈ ಖರ್ಚು ಖರ್ಚೇ ಅಲ್ಲ. ಸ್ಲ್ಯಾಬ್ ಹಾಕುವ ಮುಂಚೆ ಮೊಬೈಲ್‌ನಲ್ಲಿ ಪೈಪ್‌ಗಳ ಫೋಟೋ ತೆಗೆದಿಟ್ಟುಕೊಳ್ರಿ. ನಮ್ಮ ಸಂಬಂಧಿಕರ ಹತ್ತಿರ ಆ ಒಂದು ಫೋಟೋ ಇದ್ದಿದ್ದರೆ ಬಿಟ್ ಪೈಪಿಗೆ ಹೋಗುತ್ತಿರಲಿಲ್ಲ.

ಸ್ಲ್ಯಾಬ್ ಆಗಿಹೋಗಿದೆ ಅನ್ನೋರು ಪಿಓಪಿ ಸೀಲಿಂಗ್ ಮಾಡಿಸುವಾಗ ವೈರ್ ಎಳೆಸಬಹುದು. ಸ್ಪೀಕರ್ ಭಾರ ಬರೀ ಶೀಟ್ ಮೇಲೆ ಬೀಳಬಾರದು, ಮೇಲಿನ ಸ್ಲ್ಯಾಬಿಗೆ ಕಟ್ಟಿಸ್ರಿ. ಕೆಳಗೆ ಮಕ್ಕಳು ಮಲಗಿರುತ್ತಾರೆ. ಅದೂ ಇಲ್ಲದಿದ್ದರೆ ಮೇಲ್ಮುಖವಾಗಿ ಸದ್ದು ಬಿಡುವ ಸ್ಪೀಕರ್ ಸಿಗುತ್ತವೆ. ಮುಂದಿನ ಸ್ಪೀಕರ್ ಮೇಲೆ ಇಟ್ಟರೆ ಸದ್ದು ಸೀಲಿಂಗಿಗೆ ಬಡಿದು ವಾಪಸ್ ಬರುತ್ತದೆ. ಏಳೂವರೆಯಿಂದ 14 ಅಡಿ ಎತ್ತರದ, ಸಪಾಟಾದ ಗಟ್ಟಿ ಸ್ಲ್ಯಾಬ್‌ಗೆ ಇದು ಹೊಂದುತ್ತದೆ. ಬಾಡಿಗೆ ಮನಿಯವರಿಗೂ ಇದೇ ವಾಸಿ. ಹೆಂಚಿನ ಮನಿ, ಜಂತಿ ಮನಿಯವರು ಇದಕ್ಕೆ ದುಡ್ಡು ಹಾಕಬ್ಯಾಡ್ರಿ, ಅಲ್ಲಿ ಸದ್ದು ಚೆದುರಿಹೋಗುತ್ತದೆ.

ಎಲ್ಲ ಹಾಕಿಸಿ ‘ಮೇಲಿಂದ ಏನೂ ಬರ್ತಿಲ್ಲ’ ಅನ್ನೋರು ವೈರ್ ನೋಡಬೇಕು. ಟಿವಿಯಿಂದ ಆಪ್ಟಿಕಲ್ ಕೇಬಲ್‌ನಲ್ಲಿ ಆಟ್ಮಾಸ್ ಬರೋದಿಲ್ಲ. ಎಚ್‌ಡಿಎಂಐನಲ್ಲಿ ‘ಎಆರ್‌ಸಿ’ ಅಥವಾ ‘ಇ-ಎಆರ್‌ಸಿ’ ಅಂತ ಬರೆದ ಕಿಂಡಿಗೆ ಹಾಕಬೇಕು. ಟಿವಿಯ ಸೌಂಡ್ ಸೆಟ್ಟಿಂಗ್ ‘ಪಿಸಿಎಂ’ ಅಂತ ಇದ್ದರೆ ಬದಲಿಸಬೇಕು. ನೆಟ್‌ಫ್ಲಿಕ್ಸ್ ಆಟ್ಮಾಸ್ ಕೊಡೋದು ಪ್ರೀಮಿಯಂ ಪ್ಲ್ಯಾನ್‌ನಲ್ಲಿ ಮಾತ್ರ. ಇನ್ನು ಅವ್ವ ನೋಡುವ ಸಂಜೆ ಸೀರಿಯಲ್‌ನಲ್ಲಿ ಮೇಲಿನ ಸದ್ದನ್ನು ರಿಸೀವರ್ ಅಂದಾಜಿನ ಮೇಲೆ ಹುಟ್ಟಿಸಬಹುದು, ಅಸಲಿ ಆಟ್ಮಾಸ್ ನಿರೀಕ್ಷಿಸಬ್ಯಾಡ್ರಿ. ಮುಂಗಾರಿನ ಗುಡುಗು ಸಿಡಿಲು ಶುರುವಾದರೆ ಪ್ಲಗ್ ಕಿತ್ತಿಡೋದು ಮರೀಬ್ಯಾಡ್ರಿ.

ನಮ್ಮ ಸಂಬಂಧಿಕರ ಹಾಲ್‌ನಲ್ಲಿ ಈಗ ವೈರ್ ಕೇಸಿಂಗ್ ಪಟ್ಟಿಯಲ್ಲಿ ಹೋಗಿದೆ. ಹೊಸ ಗೋಡೆ ಮೇಲೆ ಬಿಳಿ ಪಟ್ಟಿ ಎದ್ದು ಕಾಣುತ್ತದೆ. ಬಂದವರೆಲ್ಲ ಸೌಂಡ್ ಬಿಟ್ಟು ಅದನ್ನೇ ಕೇಳುತ್ತಾರೆ ಅಂತ ಅವರಿಗೆ ಬೇಜಾರು. ಮೊನ್ನೆ ಮೇಲಿನ ಅಂತಸ್ತಿನ ಸ್ಲ್ಯಾಬ್ ಹಾಕಿದರು. ಯಾವ ಸ್ಪೀಕರ್ ಅಂತ ಇನ್ನೂ ಗೊತ್ತಿಲ್ಲ, ಪೈಪ್ ಮಾತ್ರ ನಾಲ್ಕು ಬಿಡಿಸಿದ್ದಾರೆ.