ಕಿಟ್ಟೆಲ್ ಕೋಶಕ್ಕೆ ಎಷ್ಟು ಕೂಗಬೇಕು?

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟ್ಟೆಲ್ ನಿಘಂಟು ಈಬೇ ಹರಾಜಿಗೆ ಬಂದಿದೆ ಅಂದ್ಕೊಳ್ಳಿ. ಕೈ ತಡೀರಿ!

ಮೊದಲು ಶೀರ್ಷಿಕೆ ಪುಟ, ಅದರ ಹಿಂಬದಿ, ಎರಡರ ಫೋಟೊನೂ ಕೇಳಿ. ಹಳೇ ಪುಟವನ್ನೇ ಪಡಿಯಚ್ಚು ತೆಗೆದ ಮರುಮುದ್ರಣದಲ್ಲೂ 1894 ಅಂತಲೇ ಇರಬಹುದು. ಮೂಲದ ಬೆಲೆ ತೆತ್ತು ನಕಲು ತರೋದು ಇಲ್ಲೇ.

ಮಾರೋರು ಹೇಳೋ ರೇಟು ಬಿಡಿ. ‘ಸೋಲ್ಡ್ ಐಟಮ್ಸ್’ ಒತ್ತಿ, ನಿಜವಾಗಿ ಎಷ್ಟಕ್ಕೆ ಹೋಗಿದೆ ನೋಡಿ. ಅದರಲ್ಲಿ ಸಾಗಣೆ, ಕಸ್ಟಮ್ಸ್ ಕಳೆದು ಉಳಿದದ್ದೇ ನಿಮ್ಮ ಗರಿಷ್ಠ ಬಿಡ್.

ಅಷ್ಟನ್ನೂ ಒಮ್ಮೆಗೇ ಹಾಕಿ, ಹೆದರಬೇಡಿ. ಎದುರಾಳಿಗಿಂತ ಒಂದು ಮೆಟ್ಟಿಲು ಮೇಲಷ್ಟೇ ಈಬೇ ನಿಮ್ಮ ಪರ ಕೂಗುತ್ತೆ. ಆದ್ರೆ ಮೊದಲ ದಿನವೇ ಅಲ್ಲ, ಜನ ಹಠಕ್ಕೆ ಬೀಳ್ತಾರೆ. ಕೊನೇ ಹತ್ತು ಸೆಕೆಂಡಿಗೆ!

ಬರೀ ಪದ ಹುಡುಕೋಕಾ? ಮರುಮುದ್ರಣವೇ ಸಾಕು ಕಣ್ರೀ.